ಅರ್ಧ ಗೇಣಿನ ಸಿಗಾರ್: ಆರಿಸುವುದರಿಂದ ಆರುವವರೆಗೆ

ಮೊದಲ ಸಲ ಪರ್ತಗಾಸ್ ಶಾರ್ಟ್ ಅನ್ನುವ ಗಿಡ್ಡ ಕ್ಯೂಬನ್ ಸಿಗಾರ್ ಕೈಗೆ ಸಿಕ್ಕಾಗ ಅದನ್ನು ಹದಿನೈದೇ ನಿಮಿಷದಲ್ಲಿ ಮುಗಿಸಿದ್ದೆ. ಗಿಡ್ಡದು ತಾನೇ, ಒಂದು ಕಾಫಿ ಕುಡಿಯುವಷ್ಟರಲ್ಲಿ ಆಗಿಬಿಡುತ್ತದೆ ಅಂದುಕೊಂಡಿದ್ದೆ. ನಾಲಿಗೆ ಚುರುಗುಟ್ಟಿತು, ತಲೆ ಗಿರ್ರೆಂದಿತು, ಆಮೇಲೆ ಅರ್ಧ ಗಂಟೆ ಸೋಫಾ ಬಿಟ್ಟು ಏಳಲಿಲ್ಲ. ರುಚಿ ಏನಿತ್ತು ಅಂತ ಕೇಳಿದರೆ, ಸುಟ್ಟ ರಟ್ಟಿನದು.

ಸಿಗಾರಿನ ತಪ್ಪಲ್ಲ ಅದು. ಉದ್ದದ ಸಿಗಾರಿನಲ್ಲಿ ಹೊಗೆ ಬಾಯಿಗೆ ಬರುವ ಮೊದಲು ಎಲೆಗಳ ನಡುವೆ ಒಂದಷ್ಟು ದೂರ ನಡೆದು ತಣ್ಣಗಾಗಿರುತ್ತದೆ. ಗಿಡ್ಡದರಲ್ಲಿ ಕೆಂಡ ತುಟಿಗೆ ಹತ್ತಿರ. ಅವಸರಪಟ್ಟು ಎಳೆದರೆ ಕೆಂಡ ಕಾಯುತ್ತದೆ, ಕೆಂಡ ಕಾದರೆ ಎಲೆಯ ಎಣ್ಣೆ, ವಾಸನೆ ಎಲ್ಲ ಉರಿದು ಕಹಿ ಮಾತ್ರ ಉಳಿಯುತ್ತದೆ. ಕೆಳಗೆ ಹೇಳಿರುವ ಹೆಜ್ಜೆಗಳೆಲ್ಲ ಬಹುಪಾಲು ಒಂದೇ ಕೆಲಸಕ್ಕೆ: ಕೆಂಡ ಆರದ ಹಾಗೆ, ಆದರೆ ತಣ್ಣಗೆ ಇರುವ ಹಾಗೆ ನೋಡಿಕೊಳ್ಳುವುದು.

ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ. ಹೊಗೆಯನ್ನು ಒಳಗೆ ಎಳೆಯದಿದ್ದರೂ ಸಿಗಾರ್ ಬಾಯಿಗೂ ಗಂಟಲಿಗೂ ಕೆಟ್ಟದ್ದೇ, ಕ್ಯಾನ್ಸರ್ ಅಪಾಯ ನಿಜ. ಸೇದದವರು ಇದನ್ನು ಓದಿ ಶುರು ಮಾಡಬೇಕಾಗಿಲ್ಲ. ಕರ್ನಾಟಕದಲ್ಲಿ ಈಗ 21 ವರ್ಷ ತುಂಬದವರಿಗೆ ತಂಬಾಕು ಮಾರುವ ಹಾಗಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದುವ ಹಾಗಿಲ್ಲ. ನಾನು ತಿಂಗಳಿಗೆ ಒಂದೋ ಎರಡೋ, ಮಕ್ಕಳಿಲ್ಲದ ಹೊತ್ತಲ್ಲಿ, ಬಾಲ್ಕನಿಯಲ್ಲಿ.

ಗಿಡ್ಡ ಅಂದರೆ ಯಾವುದು

ಇಲ್ಲಿ ಎರಡು ಗೊಂದಲ ಇವೆ. ಟಿನ್ ಡಬ್ಬಿಯಲ್ಲಿ ಬರುವ, ಸಿಗರೇಟಿನಷ್ಟೇ ಸಣ್ಣಗಿರುವ ಒಣ ಸಿಗಾರಿಲ್ಲೊ ಬೇರೆ. ಅದು ಬಹುಪಾಲು ಯಂತ್ರದ ಕೆಲಸ. ಹಾಗೇ ‘ಶಾರ್ಟ್ ಫಿಲ್ಲರ್’ ಅಂದರೆ ಗಿಡ್ಡ ಸಿಗಾರ್ ಅಲ್ಲ, ಒಳಗೆ ಎಲೆಯ ಚೂರು ತುಂಬಿದ ಸಿಗಾರ್. ನಾವು ಮಾತಾಡುತ್ತಿರುವುದು ಉದ್ದ ಸಿಗಾರಿನಂತೆಯೇ ಪೂರ್ತಿ ಎಲೆ ಇಟ್ಟು ಕೈಯಲ್ಲಿ ಸುತ್ತಿದ, ಅಳತೆಯಲ್ಲಿ ಮಾತ್ರ ಗಿಡ್ಡವಾದದ್ದು.

ದಪ್ಪವನ್ನು ರಿಂಗ್ ಗೇಜ್‌ನಲ್ಲಿ ಹೇಳುತ್ತಾರೆ. ಒಂದು ಇಂಚನ್ನು 64 ಭಾಗ ಮಾಡಿದರೆ ಅದರಲ್ಲಿ ಎಷ್ಟು ಭಾಗ ಅಂತ ಲೆಕ್ಕ. ಪರ್ತಗಾಸ್ ಶಾರ್ಟ್ 110 ಮಿ.ಮೀ. ಉದ್ದ, 42 ಗೇಜ್. ಅಂದರೆ ಹೆಚ್ಚುಕಮ್ಮಿ ಅರ್ಧ ಗೇಣು ಉದ್ದ, ತೋರುಬೆರಳಿನ ದಪ್ಪ. ರಾಮೋನ್ ಅಯೋನೆಸ್‌ನ ಸ್ಮಾಲ್ ಕ್ಲಬ್ ಕೊರೋನಾಸ್ ಕೂಡ ಇದೇ ಅಳತೆ. ಇನ್ನೂ ಗಿಡ್ಡ ಬೇಕೆಂದರೆ ಎಚ್. ಉಪ್ಮನ್ ಹಾಫ್ ಕೊರೋನಾ ಇದೆ, 90 ಮಿ.ಮೀ., 44 ಗೇಜ್. ಗಿಡ್ಡ ಆದರೆ ದಪ್ಪ ಬೇಕೆನ್ನುವವರಿಗೆ ಓಯೋ ದೆ ಮೊಂತೆರೆಯ ಪೆಟಿಟ್ ರೊಬುಸ್ಟೊ, 102 ಮಿ.ಮೀ., 50 ಗೇಜ್. ಇವೆಲ್ಲ ಕ್ಯೂಬಾದವು. ನಿಕರಾಗುವಾ, ಡೊಮಿನಿಕನ್ ರಿಪಬ್ಲಿಕ್‌ನಲ್ಲೂ ಒಳ್ಳೆಯ ಗಿಡ್ಡ ಸಿಗಾರ್ ಮಾಡುತ್ತಾರೆ. ನನ್ನ ಅನುಭವ ಜಾಸ್ತಿ ಇರುವುದು ಪರ್ತಗಾಸ್ ಮೇಲೆ, ಹಾಗಾಗಿ ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಹೊಸಬರಿಗೆ ಮಾತ್ರ ಪರ್ತಗಾಸ್ ಬೇಡ. ಗಿಡ್ಡ ಅಂದ ಮಾತ್ರಕ್ಕೆ ಮೆತ್ತಗಲ್ಲ. ಕ್ಯೂಬಾದ ಖಾರದ ಸಿಗಾರುಗಳಲ್ಲಿ ಅದೂ ಒಂದು. ಉಪ್ಮನ್‌ನಿಂದ ಶುರು ಮಾಡಿ.

ಒಂದನ್ನು ಬಿಚ್ಚಿ ನೋಡಿದೆ

ಒಮ್ಮೆ ಒಂದು ಹೋಟೆಲಿನ ಕೌಂಟರಿನಲ್ಲಿ ಎರಡು ಗಿಡ್ಡ ಕ್ಯೂಬನ್ ಕೊಂಡೆ. ಗಾಜಿನ ಕಪಾಟಿನಲ್ಲಿ, ಎಸಿ ಗಾಳಿಗೆ, ಎಷ್ಟು ತಿಂಗಳಿಂದ ಬಿದ್ದಿದ್ದವೋ. ಮನೆಗೆ ತಂದು ಬೆರಳಲ್ಲಿ ಒತ್ತಿದರೆ ಹಪ್ಪಳದಂತೆ ಚಟ್ ಅಂತ ಮೇಲಿನ ಎಲೆ ಸೀಳಿತು. ದುಡ್ಡು ಹೋಯಿತಲ್ಲಾ ಅಂತ ಹೊಟ್ಟೆ ಉರಿದರೂ ಎಸೆಯಲಿಲ್ಲ. ಮೂರು ವಾರ ತೇವದ ಡಬ್ಬಿಯಲ್ಲಿಟ್ಟು ಮೆತ್ತಗೆ ಮಾಡಿದೆ. ಒಂದು ಭಾನುವಾರ ಪೇಪರ್ ಹಾಸಿಕೊಂಡು, ಒಂದನ್ನು ನಿಧಾನಕ್ಕೆ ಬಿಚ್ಚುತ್ತಾ ಹೋದೆ. ಸಿಗಾರಿನ ಕುಸುರಿ ಅರ್ಥ ಆಗಬೇಕಾದರೆ ನೀವೂ ಒಂದನ್ನು ಹೀಗೆ ಬಲಿ ಕೊಡಿ. ಸೇದಿ ಕಲಿಯುವುದಕ್ಕಿಂತ ಜಾಸ್ತಿ ಕಲಿಯುತ್ತೀರಿ.

ತಲೆಯ ಕಡೆಯಿಂದ, ಅಂದರೆ ಬಾಯಿಗಿಡುವ ತುದಿಯಿಂದ ಶುರು ಮಾಡಬೇಕು. ಮೇಲಿನ ಟೋಪಿ ಉಗುರಲ್ಲಿ ಬಿಡಿಸಿದರೆ ಎದ್ದು ಬರುತ್ತದೆ. ಅದನ್ನು ವಾಸನೆಯಿಲ್ಲದ, ಗಿಡದ ಅಂಟಿನಿಂದ ಅಂಟಿಸಿರುತ್ತಾರೆ. ಅದರಡಿಯಿಂದ ಹೊರ ಎಲೆ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಕ್ಯೂಬಾದಲ್ಲಿ ಇದಕ್ಕೆ ಕಾಪಾ ಅನ್ನುತ್ತಾರೆ. ಬೆಳಕಿಗೆ ಹಿಡಿದು ನೋಡಿದೆ. ನರಗಳು ಕೂದಲಿನಷ್ಟು ಸಣ್ಣ, ಎಲೆ ರೇಷ್ಮೆಯಂತೆ ಎಳೆಯುತ್ತದೆ. ಇಷ್ಟು ತೆಳುವಾಗಿರಲಿ ಅಂತಲೇ ಈ ಗಿಡಗಳನ್ನು ತೆಳು ಬಟ್ಟೆಯ ಚಪ್ಪರದಡಿ, ನೆರಳಲ್ಲಿ ಬೆಳೆಸುತ್ತಾರೆ. ಪಿನಾರ್ ದೆಲ್ ರಿಯೊ ಪ್ರಾಂತ್ಯದ ವುಯೆಲ್ತಾ ಅಬಾಹೊ ಪ್ರದೇಶದಲ್ಲಿ ಸಾನ್ ಲೂಯಿಸ್ ಸುತ್ತಮುತ್ತ ಈ ಎಲೆಗೆ ಹೆಸರುವಾಸಿ.

ಅದರ ಕೆಳಗೆ ಒರಟಾದ ಇನ್ನೊಂದು ಎಲೆ, ಕಪೋತೆ. ಕಟ್ಟನ್ನು ಹಿಡಿದಿಡುವುದು ಇದರ ಕೆಲಸ. ಅದನ್ನೂ ಬಿಡಿಸಿದರೆ ಒಳಗಿನ ತುಂಬುವ ಎಲೆಗಳು, ತ್ರೀಪಾ. ಇಲ್ಲಿ ನಾನು ಒಂದು ಗಳಿಗೆ ಸುಮ್ಮನೆ ಕೂತುಬಿಟ್ಟೆ. ಸೀರೆಯ ನೆರಿಗೆ ಹಿಡಿದ ಹಾಗೆ ಒಂದೊಂದು ಎಲೆಯನ್ನೂ ಉದ್ದುದ್ದಕ್ಕೆ ಮಡಚಿ ಜೋಡಿಸಿದ್ದಾರೆ. ಆ ನೆರಿಗೆಗಳ ಸಂದಿಯಲ್ಲೇ ಗಾಳಿ ಓಡಾಡಬೇಕು. ನೆರಿಗೆ ಬಿಗಿಯಾದರೆ ಹೊಗೆ ಬರಲ್ಲ, ಸಡಿಲವಾದರೆ ಗಾಳಿ ಜಾಸ್ತಿ ನುಗ್ಗಿ ಕೆಂಡ ಕಾಯುತ್ತದೆ. ತೋರುಬೆರಳಿನಷ್ಟು ಜಾಗದಲ್ಲಿ ಇದನ್ನು ಕೈ ಅಂದಾಜಿನಲ್ಲೇ ಮಾಡಬೇಕು.

ತುಂಬುವ ಎಲೆಯಲ್ಲೂ ಮುಖ್ಯವಾಗಿ ಮೂರು ಬಗೆ. ಗಿಡದ ಬುಡದ ಎಲೆ ವೊಲಾದೊ, ಚೆನ್ನಾಗಿ ಉರಿಯುತ್ತದೆ. ನಡುವಿನದು ಸೆಕೊ, ಸುವಾಸನೆ ಅದರದು. ತುದಿಯದು ಲಿಹೇರೊ. ಬಿಸಿಲು ಜಾಸ್ತಿ ತಿಂದ ಎಲೆ, ದಪ್ಪ, ಖಾರ, ನಿಧಾನಕ್ಕೆ ಉರಿಯುತ್ತದೆ. ಅದು ಹದವಾಗಲು ಕನಿಷ್ಠ ಎರಡು ವರ್ಷ ಇಡುತ್ತಾರೆ. ಸುತ್ತುವವರು ಲಿಹೇರೊವನ್ನು ಸರಿಯಾಗಿ ನಡುಮಧ್ಯಕ್ಕೆ ಇಡುತ್ತಾರೆ. ಮುಂದೆ ನೀವು ಬೂದಿ ಉದುರಿಸಿದಾಗ ಕೆಂಡ ಪೆನ್ಸಿಲ್ ತುದಿಯಂತೆ ಚೂಪಾಗಿ ಕಂಡರೆ, ಕೈ ಪಳಗಿದವರ ಕೆಲಸ ಅಂತ ಲೆಕ್ಕ. ನಡುವಿನ ಎಲೆ ನಿಧಾನಕ್ಕೆ ಉರಿಯುವುದರಿಂದ ಆ ಚೂಪು.

ಸುತ್ತುವವರನ್ನು ಟೊರ್ಸೆದೊರ್ ಅನ್ನುತ್ತಾರೆ. ಹಲಗೆ, ಹಿಡಿಯಿಲ್ಲದ ಅರ್ಧಚಂದ್ರದಂಥ ಚಾವೆತಾ ಕತ್ತಿ, ಅಂಟಿನ ಬಟ್ಟಲು, ಅಳತೆಯ ತೂತಿರುವ ಮರದ ತುಂಡು. ಹೆಚ್ಚುಕಮ್ಮಿ ಇಷ್ಟೇ ಸಾಮಾನು. ಅವರು ಕೂತು ಸುತ್ತುತ್ತಿದ್ದರೆ ಎತ್ತರದ ಪೀಠದಲ್ಲಿ ಒಬ್ಬರು ಪೇಪರು, ಕಾದಂಬರಿ ಗಟ್ಟಿಯಾಗಿ ಓದುತ್ತಾರೆ. ಹವಾನಾದಲ್ಲಿ 1865ರಲ್ಲಿ ಶುರುವಾದ ಪದ್ಧತಿ ಇನ್ನೂ ನಡೆಯುತ್ತಿದೆ.

ಗಿಡ್ಡ, ಸಣ್ಣ ಸಿಗಾರಿನಲ್ಲಿ ಒಳಗೆ ತುಂಬುವ ಎಲೆ ಕಡಿಮೆ, ಹಾಗಾಗಿ ಹೊರ ಎಲೆಯ ಪಾಲು ರುಚಿಯಲ್ಲಿ ಜಾಸ್ತಿ. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅದನ್ನೇ. ಬಣ್ಣ ಒಂದೇ ಸಮ ಇರಲಿ, ಮೇಲೆ ತೆಳುವಾಗಿ ಎಣ್ಣೆಯ ಮಿಂಚು ಇರಲಿ. ಉದ್ದಕ್ಕೂ ಮೆಲ್ಲಗೆ ಒತ್ತುತ್ತಾ ಹೋಗಿ. ಒಂದು ಕಡೆ ಗಂಟು, ಇನ್ನೊಂದು ಕಡೆ ಪೊಳ್ಳು ಸಿಕ್ಕರೆ ಬೇಡ. ಸೂಜಿಮೊನೆಯಷ್ಟು ದುಂಡಗಿನ ತೂತು ಕಂಡರೆ ಹುಳ ಬಿದ್ದಿದೆ, ಪೆಟ್ಟಿಗೆಯನ್ನೇ ಮುಟ್ಟಬೇಡಿ. ಪೆಟ್ಟಿಗೆಯ ತಳದಲ್ಲಿ ತಯಾರಾದ ತಿಂಗಳು, ವರ್ಷದ ಮುದ್ರೆ ಇರುತ್ತದೆ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಅಗ್ಗಕ್ಕೆ ‘ಕ್ಯೂಬನ್’ ಸಿಕ್ಕರೆ ನಕಲಿ ಅಂತಲೇ ತಿಳಿಯಿರಿ.

ಹದ

ನಮ್ಮ ಸೋದರಮಾವನ ಊರು ಪಿರಿಯಾಪಟ್ಟಣದ ಕಡೆ. ಅಲ್ಲಿ ಹೊಗೆಸೊಪ್ಪು ಬೇಯಿಸುವ ಮನೆಗೆ ‘ಬ್ಯಾರನ್’ ಅನ್ನುತ್ತಾರೆ. ಕೋಲಿಗೆ ಕಟ್ಟಿದ ಸೊಪ್ಪನ್ನು ಒಳಗೆ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಹಾಕಿ, ಕೊಳವೆಯಲ್ಲಿ ಬಿಸಿ ಹಾಯಿಸಿ ವಾರದೊಳಗೆ ಹಳದಿ ಮಾಡಿಬಿಡುತ್ತಾರೆ. ಅದು ಸಿಗರೇಟಿನ ಸೊಪ್ಪು. ಸಿಗಾರಿನ ಸೊಪ್ಪಿಗೆ ಬೆಂಕಿ ತೋರಿಸುವುದಿಲ್ಲ. ಕೊಟ್ಟಿಗೆಯಲ್ಲಿ ಬರೀ ಗಾಳಿಗೆ ಹೆಚ್ಚುಕಮ್ಮಿ 50 ದಿನ ಒಣಗಿಸಿ, ಆಮೇಲೆ ರಾಶಿ ಹಾಕಿ ಹುದುಗಲು ಬಿಡುತ್ತಾರೆ. ರಾಶಿ ತನ್ನಷ್ಟಕ್ಕೆ ಬಿಸಿಯಾಗಿ ಅಮೋನಿಯ ಹೊರಹೋಗುತ್ತದೆ. ಹೀಗೆ ಹದವಾದ ಎಲೆಯಲ್ಲಿ ಸಕ್ಕರೆ ಅಂಶ ಕಡಿಮೆ, ಹೊಗೆ ಕ್ಷಾರದ ಕಡೆಗಿರುತ್ತದೆ. ಹಾಗಾಗಿ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ಮೈಗೆ ಹತ್ತುತ್ತದೆ. ಶ್ವಾಸಕೋಶಕ್ಕೆ ಎಳೆಯುವ ಅಗತ್ಯವೇ ಇಲ್ಲ.

ಆದರೆ ಮಾವ ಹೇಳಿದ ಒಂದು ಮಾತು ಸಿಗಾರಿಗೂ ಸರಿಹೊಂದುತ್ತದೆ. ಬೆಂದ ಸೊಪ್ಪನ್ನು ಕೂಡಲೇ ಇಳಿಸುವುದಿಲ್ಲ. ರಾತ್ರಿ ಬ್ಯಾರನ್ ಬಾಗಿಲು ತೆಗೆದಿಟ್ಟು ಇಬ್ಬನಿಯ ತಂಪು ಕುಡಿಸುತ್ತಾರೆ. ಬೆಳಗ್ಗೆ ಮುಟ್ಟಿ, ‘ಹದಕ್ಕೆ ಬಂತು ಕಣಪ್ಪಾ’ ಅಂದಮೇಲೇ ಇಳಿಸುವುದು. ಇಲ್ಲದಿದ್ದರೆ ಪುಡಿಪುಡಿ.

ಸಿಗಾರಿಗೂ ಅದೇ ಹದ ಬೇಕು. ಗಾಳಿಯ ತೇವ 65ರಿಂದ 70 ಪರ್ಸೆಂಟ್, ಶಾಖ 18 ಡಿಗ್ರಿ ಸುತ್ತಮುತ್ತ ಅಂತ ಕ್ಯೂಬಾದವರು ಹೇಳುತ್ತಾರೆ. ನನಗೆ ಗಿಡ್ಡಕ್ಕೆ 65 ಸರಿ ಅನಿಸಿದೆ. ತೇವ ಜಾಸ್ತಿಯಾದರೆ ಪದೇಪದೇ ಆರುತ್ತದೆ, ನಾವು ಜೋರಾಗಿ ಎಳೆಯುತ್ತೇವೆ, ಕೊನೆಗೆ ಬಿಸಿಯೇ ಗೆಲ್ಲುತ್ತದೆ. ಒಣಗಿದರೆ ಪೊರಕೆಕಡ್ಡಿಯಂತೆ ಉರಿದುಹೋಗುತ್ತದೆ. ಎರಡೂ ಕಡೆ ನಷ್ಟ ಒಂದೇ.

ತೇವ ಕಾಯುವ ದುಬಾರಿ ಪೆಟ್ಟಿಗೆ, ಹ್ಯುಮಿಡರ್, ಬೇಕಿಲ್ಲ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ತೇವವನ್ನು 65 ಪರ್ಸೆಂಟಿಗೆ ಹಿಡಿದಿಡುವ ಪ್ಯಾಕೆಟ್ ಒಂದು. ಡಬ್ಬಿಗೆ ಸಾಂಬಾರ್ ಪುಡಿಯ ವಾಸನೆ ಇರಬಾರದು ಅಷ್ಟೇ. ಫ್ರಿಜ್ಜಿನಲ್ಲಿ ಸುಮ್ನೆ ಇಟ್ಟರೆ ಒಣಗುತ್ತದೆ. ನಮ್ಮ ಬೇಸಿಗೆಯ ಸೆಕೆಗೆ ಹೊಗೆಸೊಪ್ಪಿನ ಹುಳದ ಮೊಟ್ಟೆ ಒಡೆಯುವ ಭಯ ಇದೆ. ಅದಕ್ಕೆ ಹೊಸದಾಗಿ ತಂದದ್ದನ್ನು ಗಾಳಿಯಾಡದ ಕವರಿನಲ್ಲಿ ಕಟ್ಟಿ ಮೂರು-ನಾಲ್ಕು ದಿನ ಫ್ರೀಜರಿನಲ್ಲಿಟ್ಟು, ಒಂದು ದಿನ ಫ್ರಿಜ್ಜಿಗೆ ಇಳಿಸಿ, ಆಮೇಲೆ ಡಬ್ಬಿಗೆ ಹಾಕುತ್ತೇನೆ. ಕವರ್ ಬಿಚ್ಚುವುದು ಕೊನೆಯಲ್ಲಿ. ಹದ ಬಂದಿದೆಯೋ ಇಲ್ಲವೋ ಅಂತ ತಿಳಿಯಲು ಎರಡು ಬೆರಳ ನಡುವೆ ಮೆಲ್ಲಗೆ ಒತ್ತಿ. ತಗ್ಗಿ ಮತ್ತೆ ಮೇಲೇಳಬೇಕು. ಕಿವಿ ಹತ್ತಿರ ಚರಪರ ಸದ್ದು ಬಂದರೆ ಇನ್ನೂ ಎರಡು ವಾರ ಕಾಯಿರಿ.

ಕತ್ತರಿಸಿ, ಹಚ್ಚುವುದು

ಊಟ ಮಾಡಿ ಕೂತುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ನಿಕೋಟಿನ್ ತಲೆಗೆ ಹೊಡೆಯುತ್ತದೆ. ಹಾಗಂತ ಊಟದ ಮೇಲೆ ಬೀಡಾ ಹಾಕಿಕೊಂಡಿದ್ದರೆ ಅವತ್ತಿಗೆ ಸಿಗಾರ್ ಮರೆತುಬಿಡಿ. ಸುಣ್ಣ, ಲವಂಗ, ಗುಲ್ಕನ್ ಮುಂದೆ ಯಾವ ಕ್ಯೂಬಾವೂ ನಿಲ್ಲಲ್ಲ. ಕನಿಷ್ಠ 40 ನಿಮಿಷ ಬಿಡುವಿರಲಿ. ಫ್ಯಾನ್ ಆಫ್ ಮಾಡಿ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ನಮ್ಮ ಮನೆಗಳಲ್ಲಿ ಸಿಗಾರ್ ಬಿಸಿಯಾಗಲು ಮೊದಲ ಕಾರಣವೇ ತಲೆಮೇಲೆ ತಿರುಗುವ ಫ್ಯಾನು.

ತಲೆಯ ಟೋಪಿಯನ್ನು ಹತ್ತಿರದಿಂದ ನೋಡಿ. ಒಳ್ಳೆಯ ಕ್ಯೂಬನ್‌ನಲ್ಲಿ ಒಂದರ ಕೆಳಗೊಂದು ಸಣ್ಣ ಗೆರೆ ಕಾಣುತ್ತವೆ. ಎಲೆಯನ್ನು ಮೂರು ಸುತ್ತು ತಂದು ಮುಗಿಸಿದ ಗುರುತು ಅದು. ತಲೆ ದುಂಡಗೆ ಬಾಗಲು ಶುರುವಾಗುವ ಹೆಗಲಿಗಿಂತ ಮೇಲೆ, ಎರಡು ಮಿ.ಮೀ. ಮೀರದಂತೆ ಕತ್ತರಿಸಿ. ಕೆಳಗೆ ಹೋದರೆ ಟೋಪಿ ಹಿಡಿತ ಬಿಟ್ಟು ಹೊರ ಎಲೆ ಬಿಚ್ಚಿಕೊಳ್ಳುತ್ತದೆ. ಎರಡು ಅಲಗಿನ ಕಟರ್ ಒಳ್ಳೆಯದು. ಹೆದರಿ ಹೆದರಿ ಒತ್ತಬೇಡಿ, ಒಂದೇ ಏಟಿಗೆ ಚಕ್ಕೆಂದು ಮುಗಿಸಿ. ಹಲ್ಲಲ್ಲಿ ಕಚ್ಚುವುದು ಸಿನಿಮಾದವರಿಗೆ ಬಿಡಿ.

ಹಚ್ಚುವ ಮೊದಲು ಸುಮ್ಮನೆ ಒಂದೆರಡು ಸಲ ಗಾಳಿ ಎಳೆಯಿರಿ. ಒಣಹುಲ್ಲು, ಸ್ವಲ್ಪ ಕೋಕೋ, ಸ್ವಲ್ಪ ಕೊಟ್ಟಿಗೆ. ಏನು ಬಂತೋ ನೆನಪಿಟ್ಟುಕೊಳ್ಳಿ. ಸ್ಟ್ರಾದಲ್ಲಿ ಎಳನೀರು ಎಳೆದಷ್ಟು ಸಲೀಸಾಗಿ ಬಂದರೆ ಸಡಿಲವಾಯಿತು, ಗಂಜಿ ಎಳೆದಂತಿದ್ದರೆ ಬಿಗಿ. ನಡುವೆ ಇರಬೇಕು. ಬಿಗಿಯಿದ್ದರೆ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ ನೋಡಿ, ಇಲ್ಲವೇ ಇನ್ನೊಂದು ಕೂದಲೆಳೆಯಷ್ಟು ಕತ್ತರಿಸಿ.

ಗಿಡ್ಡ, ಸಣ್ಣ ಸಿಗಾರಿಗೆ ಜೆಟ್ ಲೈಟರ್ ನನಗೆ ಇಷ್ಟವಿಲ್ಲ. ಗ್ಯಾಸ್ ವೆಲ್ಡಿಂಗ್‌ನಂಥ ಉರಿ, ಶುರುವಿನಲ್ಲೇ ಒಂದು ಸೆಂ.ಮೀ. ಸುಟ್ಟು ಕರಕಲಾಗುತ್ತದೆ. ಇರುವುದೇ ಹನ್ನೊಂದು ಸೆಂ.ಮೀ. ಮೆತ್ತಗಿನ ಉರಿಯ ಗ್ಯಾಸ್ ಲೈಟರ್ ಅಥವಾ ಉದ್ದನೆಯ ಬೆಂಕಿಕಡ್ಡಿ ಸಾಕು. ಕಡ್ಡಿಯಾದರೆ ಮದ್ದಿನ ತಲೆ ಪೂರ್ತಿ ಉರಿದುಹೋಗಲಿ, ಇಲ್ಲದಿದ್ದರೆ ಗಂಧಕದ ವಾಸನೆ ಹತ್ತುತ್ತದೆ. ಮೇಣದಬತ್ತಿ, ಪೆಟ್ರೋಲ್ ಲೈಟರ್ ಬೇಡ.

ಈಗ ಸಿಗಾರನ್ನು ಬಾಯಿಗಿಡಬೇಡಿ. ಓರೆಯಾಗಿ ಹಿಡಿದು, ಉರಿ ತಾಗದಷ್ಟು ಮೇಲಿಟ್ಟು, ತುದಿಯನ್ನು ತಿರುಗಿಸುತ್ತಾ ಕಾಯಿಸಿ. ಬದನೆಕಾಯಿ ಸುಡುವಾಗ ತಿರುಗಿಸುವುದಿಲ್ಲವೇ, ಹಾಗೆ. ಅಂಚು ಸುತ್ತ ಕಪ್ಪಾಗಿ, ಅಲ್ಲಲ್ಲಿ ಕೆಂಪು ಮೂಡಿದ ಮೇಲೆ ಬಾಯಿಗಿಟ್ಟು ಎರಡು ಸಣ್ಣ ಎಳೆತ. ತುದಿಗೆ ಮೆಲ್ಲಗೆ ಊದಿ ನೋಡಿ. ಒಂದು ಕಡೆ ಕತ್ತಲಿದ್ದರೆ ಅಲ್ಲಿಗೆ ಮಾತ್ರ ಉರಿ ತೋರಿಸಿ. ಆಮೇಲೆ ಒಂದು ನಿಮಿಷ ಕೆಳಗಿಡಿ. ಹೌದು, ಹಚ್ಚಿದ ಕೂಡಲೇ ಕೆಳಗಿಡಿ. ಶುರುವಿನ ಬಿಸಿ ಇಳಿಯಲಿ.

ಎಳೆಯುವ ಲಯ

ನಿಮಿಷಕ್ಕೆ ಒಂದು ಎಳೆತ, ಅಷ್ಟೇ. ಗಡಿಯಾರ ನೋಡುತ್ತಾ ಕೂರಬೇಕಿಲ್ಲ, ಬೆರಳೇ ಹೇಳುತ್ತದೆ. ಬೂದಿಯಿಂದ ಎರಡು ಬೆರಳು ಹಿಂದೆ ಸಿಗಾರನ್ನು ಮುಟ್ಟಿ. ಬೆಚ್ಚಗಿದ್ದರೆ ಸರಿ. ಚುರುಕ್ ಅಂದರೆ ಅವಸರ ಮಾಡುತ್ತಿದ್ದೀರಿ, ಎರಡು ನಿಮಿಷ ಇಟ್ಟುಬಿಡಿ.

ಹೊಗೆಯನ್ನು ಬಾಯಿಗೆ ಮಾತ್ರ ತೆಗೆದುಕೊಳ್ಳಿ. ನಾಲಿಗೆ ಮೇಲೆ ಒಂದು ಕ್ಷಣ ಹೊರಳಾಡಲಿ. ಬಿಡುವಾಗ ಕೊನೆಯ ಸ್ವಲ್ಪವನ್ನು, ಕಾಲುಭಾಗಕ್ಕಿಂತ ಕಡಿಮೆ, ಮೂಗಿನಿಂದ ಬಿಡಿ. ಮೊದಲ ಸಲ ಸೀನು ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ಅಭ್ಯಾಸವಾದರೆ ರುಚಿಯ ಮುಕ್ಕಾಲು ಪಾಲು ಅಲ್ಲೇ ಇದೆ ಅಂತ ಗೊತ್ತಾಗುತ್ತದೆ. ನೆಗಡಿ ಬಂದಾಗ ಸಾರಿಗೆ ರುಚಿ ಇರಲ್ಲ, ಅಲ್ವಾ? ಅದೇ ಲೆಕ್ಕ.

ರುಚಿಗೆ ಹೆಸರಿಡುವುದು ಹೇಗೆ ಅಂತ ಬಹಳ ಜನ ತಡವರಿಸುತ್ತಾರೆ. ದೇವದಾರು, ಹದ ಮಾಡಿದ ಚರ್ಮ ಅಂತ ಯಾರೋ ಬರೆದದ್ದನ್ನು ಓದಿ ಅದನ್ನೇ ಹುಡುಕುತ್ತಾ ಕೂರುತ್ತಾರೆ. ನಮ್ಮ ಮೂಗಿನ ಲೆಕ್ಕವೇ ಬೇರೆ. ಪರ್ತಗಾಸ್ ಶಾರ್ಟ್‌ನ ಮೊದಲ ಎರಡು ಸೆಂ.ಮೀ.ನಲ್ಲಿ ನನಗೆ ಸಿಗುವುದು ಕಾಳುಮೆಣಸು, ಹಿಂದೆಯೇ ಮೊದಲ ಮಳೆ ಬಿದ್ದ ಮಣ್ಣು. ನಡುವೆ ಖಾರ ತಗ್ಗಿ ಹುರಿದ ಕಡಲೆಬೀಜದ ಸಿಪ್ಪೆ, ಕಾಫಿಬೀಜ ಹುರಿಯುವ ಅಂಗಡಿಯ ಮುಂದೆ ಹಾದಂತೆ. ಒಂದೇ ಒಂದು ಸಲ, ಐದು ವರ್ಷ ಹಳೆಯ ಪೆಟ್ಟಿಗೆಯದರಲ್ಲಿ, ಆಲೆಮನೆಯ ವಾಸನೆ ಬಂತು. ಬೆಲ್ಲ ಇನ್ನೂ ಪಾಕದಲ್ಲಿರುವಾಗ, ಕೆಳಗೆ ಕಬ್ಬಿನ ಸಿಪ್ಪೆ ಉರಿಯುತ್ತಿರುವಾಗ ಬರುತ್ತದಲ್ಲ, ಅದು. ಮತ್ತೆ ಬಂದಿಲ್ಲ. ಕೊನೆಯ ಭಾಗದಲ್ಲಿ ಖಾರ ವಾಪಸ್ ಬರುತ್ತದೆ, ಜೊತೆಗೆ ನಿಕೋಟಿನ್ನೂ.

ನಿಮಗೆ ಅಜ್ಜಿಯ ಬೀಟೆಮರದ ಪೆಟ್ಟಿಗೆ ನೆನಪಾದರೆ ಅದನ್ನೇ ಬರೆದಿಟ್ಟುಕೊಳ್ಳಿ. ಒಂದು ಸಣ್ಣ ಪುಸ್ತಕ ಇಡಿ. ದಿನಾಂಕ, ಪೆಟ್ಟಿಗೆಯ ತಿಂಗಳು, ಎಷ್ಟು ನಿಮಿಷ, ಎರಡು ಸಾಲು. ಮೂರನೇ ಸಿಗಾರಿನ ಹೊತ್ತಿಗೆ ಒಂದೇ ಪದ ಮರುಕಳಿಸುವುದು ಕಾಣುತ್ತದೆ.

ಬೂದಿ ಎರಡು ಸೆಂ.ಮೀ. ಆಗುವವರೆಗೆ ಬಿಡಿ. ಅದು ಹೊದಿಕೆಯಂತೆ ಕೆಂಡಕ್ಕೆ ಗಾಳಿ ಜಾಸ್ತಿ ತಾಗದ ಹಾಗೆ ಕಾಯುತ್ತದೆ. ಸಿಗರೇಟಿನಂತೆ ಟಪಟಪ ತಟ್ಟಬಾರದು. ಆಶ್‌ಟ್ರೇ ಅಂಚಿಗೆ ಮೆಲ್ಲಗೆ ಒರಗಿಸಿ ತಿರುಗಿಸಿದರೆ ತಾನೇ ಬೀಳುತ್ತದೆ. ಬೂದಿ ಬೆಳ್ಳಗಿದ್ದರೆ ಶ್ರೇಷ್ಠ ಅನ್ನುವುದು ಬರೀ ಮಾತು. ಮಣ್ಣಿನ ಖನಿಜದ ಮೇಲೆ ಬಣ್ಣ ಬದಲಾಗುತ್ತದೆ. ಉಂಗುರದ ಕಾಗದವನ್ನು ಶುರುವಿನಲ್ಲೇ ಕೀಳಬೇಡಿ. ಬಿಸಿ ಹತ್ತಿರ ಬಂದಾಗ ಅಂಟು ಸಡಿಲವಾಗುತ್ತದೆ, ಆಗ ಹೊರ ಎಲೆ ಹರಿಯದೆ ಬರುತ್ತದೆ.

ದಾರಿಯಲ್ಲಿ ತಕರಾರು

ಒಂದು ಬದಿ ಬೇಗ ಉರಿದರೆ, ಹಿಂದೆ ಬಿದ್ದ ಬದಿಯನ್ನು ಕೆಳಮುಖ ಮಾಡಿ ಹಿಡಿಯಿರಿ. ಕೆಳಗಡೆ ಗಾಳಿ ಚೆನ್ನಾಗಿ ಸಿಕ್ಕಿ ಅದು ಸಮ ಮಾಡಿಕೊಳ್ಳುತ್ತದೆ. ಎರಡು ನಿಮಿಷದಲ್ಲೂ ಸರಿಹೋಗದಿದ್ದರೆ ಅಲ್ಲಿಗೆ ಸ್ವಲ್ಪ ಉರಿ ತೋರಿಸಿ. ಆರಿದರೆ ಗಾಬರಿ ಬೇಡ. ಬೂದಿ ಕೆರೆದು, ಸಿಗಾರಿನೊಳಕ್ಕೆ ಒಮ್ಮೆ ಊದಿ ಹಳೆ ಹೊಗೆ ಹೊರಹಾಕಿ, ಮತ್ತೆ ಹಚ್ಚಿ. ಕಹಿ ಅನಿಸಿದಾಗಲೂ ಹೀಗೇ ಊದಬಹುದು. ರಾತ್ರಿ ಅರ್ಧ ಉಳಿಸಿ ಬೆಳಗ್ಗೆ ಹಚ್ಚುವ ಜಿಪುಣತನ ಮಾತ್ರ ಬೇಡ. ಮಾಡಿ ನೋಡಿದ್ದೇನೆ.

ತಲೆ ಸುತ್ತಿದರೆ ನಿಲ್ಲಿಸಿ, ನೀರು ಕುಡಿದು ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳಿ. ನನಗೆ ಅದು ಕೆಲಸ ಮಾಡುತ್ತದೆ.

ಜೊತೆಗೆ ಕುಡಿಯಲು ರಮ್ ಅನ್ನುತ್ತಾರೆ. ಇರಬಹುದು. ನನಗೆ ಹಾಲಿಲ್ಲದ ಗಟ್ಟಿ ಡಿಕಾಕ್ಷನ್, ಅದಕ್ಕೆ ಚೂರು ಬೆಲ್ಲ. ಹಾಲು ಹಾಕಿದರೆ ನಾಲಿಗೆ ಮೇಲೆ ಪೊರೆ ಕಟ್ಟಿ ನಡುವಿನ ಭಾಗದ ರುಚಿ ಮಂಕಾಗುತ್ತದೆ. ಹೊಸ ಸಿಗಾರ್ ಪರೀಕ್ಷೆ ಮಾಡುವಾಗ ಬರೀ ನೀರು.

ಮುಗಿಸುವುದು

ಮೂರು ಸೆಂ.ಮೀ. ಉಳಿದಾಗ ಬೆರಳು ಬಿಸಿಯಾಗುತ್ತದೆ. ಅಷ್ಟರಲ್ಲಿ 30, 35 ನಿಮಿಷ ಕಳೆದಿರುತ್ತದೆ. ದುಡ್ಡು ಕೊಟ್ಟಿದ್ದೇನೆ ಅಂತ ತುಟಿ ಸುಡುವವರೆಗೆ ಎಳೆಯಬೇಡಿ. ಆಶ್‌ಟ್ರೇಯಲ್ಲಿ ಹೊಸಕಲೂ ಬೇಡಿ, ಸಿಗರೇಟಿನಂತೆ ಹೊಸಕಿದರೆ ಏಳುವ ನಾತ ಮನೆಯವರ ಸಹನೆಯನ್ನೇ ಪರೀಕ್ಷಿಸುತ್ತದೆ. ಸುಮ್ನೆ ಇಟ್ಟುಬಿಡಿ, ನಾಲ್ಕೈದು ನಿಮಿಷದಲ್ಲಿ ತಾನೇ ಆರುತ್ತದೆ. ಪೂರ್ತಿ ಆರಿದ ಮೇಲೆ ತುಂಡನ್ನು ಕಸಕ್ಕೆ ಹಾಕಿ ಅವತ್ತೇ ಹೊರಗೆ ಕಳಿಸಿ. ಬೆಳಗಿನವರೆಗೆ ಮನೆಯಲ್ಲಿಟ್ಟರೆ ಪರದೆಗಳಿಗೂ ಹತ್ತುತ್ತದೆ.

ಬಾಲ್ಕನಿಯ ಕುಂಡಕ್ಕೆ ಮಾತ್ರ ತುಂಡು, ಬೂದಿ ಸುರಿಯಬೇಡಿ. ಒಣಗಿದ ಹೊಗೆಸೊಪ್ಪಿನಲ್ಲೂ ಮೊಸಾಯಿಕ್ ವೈರಸ್ ಉಳಿದಿರಬಹುದು, ಟೊಮೆಟೊ, ಮೆಣಸಿನ ಗಿಡಕ್ಕೆ ಕೈಯಿಂದಲೇ ಹರಡುತ್ತದೆ. ಹೋದ ವರ್ಷ ನಮ್ಮ ಮನೆಯ ಮೆಣಸಿನ ಎಲೆಗಳೆಲ್ಲ ಮುದುಡಿ ಹಳದಿ ಮಚ್ಚೆ ಬಿದ್ದಾಗ, ಕಾರಣ ನಾನೇ ಅಂತ ಮನೆಯಲ್ಲಿ ತೀರ್ಪಾಯಿತು. ಸಾಕ್ಷಿ ಇರಲಿಲ್ಲ, ಆದರೂ ಅವತ್ತಿನಿಂದ ಸೋಪು ಹಾಕಿ ಕೈ ತೊಳೆದೇ ಗಿಡ ಮುಟ್ಟುತ್ತೇನೆ.